ಪಾಲೆಟ್ ಹಾಡಿದ ಪ್ಲೇಟು

ನಾನು ಒದ್ದೆ ಬಟ್ಟೆಯಿಂದ ಹಾಡಿನ ಪ್ಲೇಟುಗಳನ್ನು ಒರೆಸಿ ಕೊಡುತ್ತಿದ್ದೆ. ಎವರ್ಟನ್ ಮಾವ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದರು. ಕೆಳಗೆ ಹಾರ್ಲ್ಸ್‌ಡನ್ನಿನ ಬೀದಿಯಲ್ಲಿ ಯಾರೋ ಏಣಿ ಎಳೆದಾಡುತ್ತಿದ್ದರು. ಕೊನೆಯ ಪ್ಲೇಟು ಬಂದಾಗ ಮಾವ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡರು. ಅದನ್ನು ಯಾರೂ ಒರೆಸುವುದಿಲ್ಲ.

ಅದರಲ್ಲಿರುವುದು ನನ್ನ ಅಮ್ಮ ಪಾಲೆಟ್. ತನ್ನ ಅಣ್ಣನಾದ ಈ ಮಾವನ ಸೌಂಡ್ ಸಿಸ್ಟಂಗೆಂದೇ, ಅಂದರೆ ಬೀದಿಯಲ್ಲಿ ಸ್ಪೀಕರು ಹೂಡಿ ಹಾಡು ಹಾಕುವ ತಂಡಕ್ಕೆಂದೇ, ಸ್ಟೇಷನ್ ಹಿಂದಿನ ಸಣ್ಣ ಸ್ಟುಡಿಯೋದಲ್ಲಿ ಹಾಡಿದ್ದಳು. ಹಾಡಿನ ನಡುವೆ 'ಕ್ಲಾರೆಂಡನ್' ಎಂದು ನಮ್ಮ ಸೌಂಡಿನ ಹೆಸರೂ ಬರುತ್ತದೆ. ನಾನಾಗ ಅವಳ ಹೊಟ್ಟೆಯಲ್ಲಿದ್ದೆ. ನನಗೆ ಎರಡು ವರ್ಷವಾದಾಗ ಅವಳು ತೀರಿಕೊಂಡಳು. ಅವಳ ದನಿ ಅಂತ ಉಳಿದಿರುವುದು ಇದೊಂದೇ.

ಇಂಥ ಪ್ಲೇಟು ಅಂಗಡಿಯ ಪ್ಲೇಟಿನ ಹಾಗೆ ಗಟ್ಟಿಯಲ್ಲ, ತಗಡಿನ ಮೇಲೆ ಬಳಿದ ಮೆತ್ತನೆಯ ಅರಗು. ಮುಳ್ಳು ಓಡಿದಷ್ಟು ಸಲವೂ ಸವೆಯುತ್ತದೆ. ಕಳೆದ ಬೇಸಿಗೆಯಲ್ಲಿ ಮೊದಲ ಸಾಲು ಪೂರ್ತಿ ಕೇಳಿಸುತ್ತಿತ್ತು. ಈಸ್ಟರ್‌ಗೆ ಹಾಕಿದಾಗ ಅದರಲ್ಲಿ ಅರ್ಧ ಬರಿಯ ಸರಸರ ಸದ್ದಾಗಿತ್ತು. ಆವತ್ತು ನಾನು ಕದ್ದು ಫೋನಿನಲ್ಲಿ ಹಿಡಿಯಲು ನೋಡಿದೆ. ಸಿಕ್ಕಿದ್ದು ಸ್ಪೀಕರಿನ ಗುಡುಗು ಮತ್ತು ಯಾರದೋ ಕೆಮ್ಮು.

ನಕಲು ಮಾಡಿಸೋಣ ಎಂದು ಮಾವನನ್ನು ಎಷ್ಟೋ ಸಲ ಕೇಳಿದ್ದೇನೆ. ಗ್ರಂಥಾಲಯದಾಕೆಯೊಬ್ಬಳು ಯಂತ್ರವನ್ನೇ ಮನೆಗೆ ತರುತ್ತೇನೆ ಎಂದಿದ್ದಳು. ಮಾವ ಅವಳಿಗೆ ಶುಂಠಿ ಕೇಕು ತಿನ್ನಿಸಿ, ಬಾಗಿಲವರೆಗೂ ಬಂದು, ನಗುನಗುತ್ತ ಸಾಗಹಾಕಿದರು. ಹಿಂದೊಮ್ಮೆ ಅವರ ಬೇರೊಂದು ಹಾಡನ್ನು ಯಾರೋ ಕದ್ದು ಟೇಪು ಮಾಡಿದ್ದರಂತೆ. ಎದುರಾಳಿ ಸೌಂಡಿನವರು ಅದನ್ನು ತುಂಬಿದ ಸಭಾಂಗಣದಲ್ಲಿ ಇವರಿಗಿಂತ ಮೊದಲೇ ಹಾಕಿ, ಇವರನ್ನು ನಗೆಪಾಟಲು ಮಾಡಿದ್ದರಂತೆ.

"ಎರಡಿದ್ರೆ ಅದು ನಮ್ಮ ಪ್ಲೇಟಲ್ಲ ಕಣಮ್ಮ," ಎಂದರು ಮಾವ, ಇವತ್ತೂ. "ನಿಮ್ಮಮ್ಮ ಬೀದಿಗೆ ಅಂತ ಹಾಡಿದ್ಲು. ಬೀದೀಲೇ ಸವೀಲಿ."

ನಾನು ವಾದಿಸುವವಳಲ್ಲ. ಹದಿನೈದಕ್ಕೇ ಶಾಲೆ ಬಿಟ್ಟು ಸಲೂನಿನಲ್ಲಿ ತಲೆ ತೊಳೆಯುವ ಕೆಲಸಕ್ಕೆ ಸೇರಿದವಳು. ಅಲ್ಲಿ ಮಾತೆಲ್ಲ ಕುರ್ಚಿಯಲ್ಲಿ ಕೂತವರದು. ಇವತ್ತು ಒಂದೇ ಸಲ ಹಾಕಿ ಎಂದಷ್ಟೇ ಬೇಡಿಕೊಂಡೆ. ಮಾವ ಹೂಂ ಅಂದರು.

ಮಧ್ಯಾಹ್ನದ ಹೊತ್ತಿಗೆ ಬೀದಿ ತುಂಬಿತ್ತು. ಈಗ ಫೋನಿನ ಕವರು ಮಾರುವ ಅಂಗಡಿ ಒಂದು ಕಾಲಕ್ಕೆ ರೆಗೆ ಸಂಗೀತದ ಪ್ಲೇಟಿನ ಅಂಗಡಿಯಾಗಿತ್ತು. ಅದರ ನೆನಪಿಗೆಂದು ಗೋಡೆಗೆ ಇವತ್ತು ನೀಲಿ ಫಲಕ ಹಾಕಿದರು. ಇಲ್ಲಿ ಹಾಡಿದವರ, ಡ್ರಮ್ಮು ಬಾರಿಸಿದವರ ಹೆಸರುಗಳನ್ನು ಓದಿದರು. ಒಂದೊಂದು ಹೆಸರಿಗೂ ಯಾರಾದರೊಬ್ಬರು ಗುಂಪಿನಿಂದ ಓಗೊಟ್ಟರು. ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಸ್ಪೀಕರ್ ಪೆಟ್ಟಿಗೆಗಳ ಹತ್ತಿರ ಹೋಗುವುದು, ಬರುವುದು, ವಯರು ಮುಟ್ಟಿ ನೋಡುವುದು.

ಪೀಪಾಯಿ ಒಲೆಯಲ್ಲಿ ಕೋಳಿ ಸುಡುತ್ತಿದ್ದ ಮಿಸ್ ಮರ್ಟಲ್ ಇಕ್ಕಳ ಎತ್ತಿ ನನ್ನನ್ನು ತಡೆದರು. "ಏನೇ ಜನೀಲ್, ಕಾಲಿಗೆ ಇರುವೆ ಹತ್ತಿದ್ಯಾ? ನೀನು ಹಿಂಗೆ ಸುತ್ತುತಾ ಇದ್ರೆ ನನ್ನ ಕೋಳಿಗೆ ತಲೆ ತಿರುಗುತ್ತೆ."

"ಅದಕ್ಕೆ ತಲೆ ಎಲ್ಲಿದೆ ಮಿಸ್ ಮರ್ಟಲ್?"

"ಅಬ್ಬ, ಈ ಹುಡುಗೀಗೆ ಬಾಯಿದೆ," ಎಂದು ಅಕ್ಕಪಕ್ಕದವರಿಗೆ ಹೇಳಿದರು. ಆಮೇಲೆ ಪಾಲೆಟ್‌ಳ ಹಾಡು ಹಾಕದಿದ್ದರೆ ಮಾವನನ್ನೇ ಕೆಂಡದ ಮೇಲೆ ಮಲಗಿಸುವುದಾಗಿ ಹೇಳಿ ಕಳಿಸಿದರು.

ಮಾವ ಅದನ್ನು ನಾಲ್ಕು ಗಂಟೆಗೆ ಹಾಕಿದರು. ಮೊದಲು ಸರಸರ ಸದ್ದು. ಆಮೇಲೆ ಬಾಸ್ ಗಿಟಾರಿನ ತಗ್ಗು ನಾದ ಬಂದು ಪಕ್ಕೆಲುಬಿಗೆ ತಾಗಿತು. ಆಮೇಲೆ ಅಮ್ಮ. ಎರಡು ಸಾಲುಗಳ ನಡುವೆ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು.

ನನ್ನ ಅಂಗೈ ಹಿಂದಿದ್ದ ಅಂಗಡಿಯ ಶಟರಿಗೆ ಬಡಿಯಿತು.

ಹಾಡು ಹಿಡಿಸಿದರೆ ನಮ್ಮಲ್ಲಿ ಗೋಡೆ, ಬಾಗಿಲು, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾರೆ. ಬಡಿದರೆ ಸೌಂಡಿನವನು ಮುಳ್ಳೆತ್ತಿ ಮತ್ತೆ ಮೊದಲಿಂದ ಹಾಕಬೇಕು. ಹಾಕದಿದ್ದರೆ ಹಾಡಿದವರಿಗೇ ಅವಮಾನ. ನಡೆಯಲು ಕಲಿತ ದಿನದಿಂದ ಇದು ನನಗೆ ಗೊತ್ತು. ಆದರೂ ಕೈ ತಡೆಯಲಿಲ್ಲ. ನಾನು ಬಡಿದದ್ದು ಒಂದೇ ಸಲ. ಅದರ ಹಿಂದೆಯೇ ಬೀದಿಗೆ ಬೀದಿಯೇ ಬಡಿಯತೊಡಗಿತು.

ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನೀನೇನಾ ಎಂದು ಕೇಳುವಂತಿತ್ತು. ಮುಳ್ಳೆತ್ತಿದರು, ಮತ್ತೆ ಮೊದಲಿಗೆ ಇಟ್ಟರು.

ಎರಡನೇ ಸಲ ಮೊದಲ ಸಾಲು ಪೂರ್ತಿ ಹೋಗಿತ್ತು. ಜನ ಅದನ್ನು ತಾವೇ ಹಾಡಿ ತುಂಬಿದರು. ಅವರಿಗೆಲ್ಲ ಬಾಯಿಪಾಠವಿತ್ತು. ನನಗೆ ಬೇಕಾಗಿದ್ದದ್ದು ಅವರ ದನಿಯಲ್ಲ. ಮತ್ತೆ ಬಡಿದರು. ಮೂರನೇ ಸಲ 'ಕ್ಲಾರೆಂಡನ್' ಎನ್ನುವಲ್ಲಿ ಅವಳ ದನಿ ಸೀಳಿ ಎರಡಾಯಿತು. ಮುದುಕರು ಕಣ್ಣೊರೆಸಿಕೊಳ್ಳುತ್ತಲೇ ಬಡಿದರು. ಮಿಸ್ ಮರ್ಟಲ್ ಇಕ್ಕಳದಿಂದ ಪೀಪಾಯಿಯ ಮುಚ್ಚಳ ಕುಟ್ಟುತ್ತಿದ್ದರು. ಇಷ್ಟು ಜನ ಅಮ್ಮನನ್ನು ಇಷ್ಟು ಬೇಕೆಂದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸ್ಪೀಕರುಗಳ ಮುಂದಿನ ಬಯಲನ್ನು ಎಲ್ಲರ ಕಣ್ಣೆದುರು ನಾನು ಯಾವತ್ತೂ ದಾಟಿದವಳಲ್ಲ. ದಾಟಿದೆ. ಮಾವ ಪ್ಲೇಟು ಹಾಕುವ ಮೇಜಿನ ಹತ್ತಿರ ಹೋಗಿ ನಿಂತೆ. ಮಾವನ ಕೈಯಲ್ಲಿ ಮುಳ್ಳು ಪ್ಲೇಟಿನಿಂದ ಒಂದು ಬೆರಳು ಮೇಲಿತ್ತು.

"ಸಾಕು ಮಾವ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ, ಬೀದಿಯನ್ನೇ ನೋಡುತ್ತಿದ್ದರು. ಬಡಿತ ಇನ್ನೂ ಜೋರಾಯಿತು. ನಾನು ಎರಡೂ ಕೈ ಚಾಚಿದೆ.

"ಪ್ಲೇಟು ನನಗೆ ಕೊಡಿ."