ಐದು ರೀಡಿಂಗ್‌ನ ಪ್ರೇಮಪತ್ರ

ಶ್ರೀವಿದ್ಯಾ ಪ್ರೇಮಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಫೋಟೋ ತೆಗೆದು, ಅದನ್ನು ಕಳಿಸಿದ್ದ ನಿತಿನನಿಗೇ ವಾಟ್ಸಾಪ್ ಮಾಡಿದಳು. ಮಿಯಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತಿದ್ದುವಾಗ ದಾಕ್ಷಿಣ್ಯ ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ. ‘ನಿನ್ನ ಕಣ್ಣುಗಳು ಶಾಂತ ಸರೋವರ’ ಎಂಬಲ್ಲಿ, ‘ನನ್ನದು ಮೈನಸ್ ಮೂರೂವರೆ ಪವರ್. ಕನ್ನಡಕ ನೋಡಿಲ್ಲವೆ?’ ಎಂದು ಬರೆದಿದ್ದಳು. ‘ಹುಣ್ಣಿಮೆಯಲ್ಲಿ ನಾವು ನಡೆದ ಆ ದಾರಿ’ ಎಂಬಲ್ಲಿ, ‘ನಡೆದದ್ದು ಒಂದೇ ಸಲ. ಮೆಟ್ರೋ ಪಾರ್ಕಿಂಗ್‌ನಲ್ಲಿ, ಮಧ್ಯಾಹ್ನ ಎರಡಕ್ಕೆ.’ ಕೊನೆಗೆ ಹತ್ತಕ್ಕೆ ಒಂದು ಅಂಕ. ಅದೂ ತನ್ನ ಹೆಸರನ್ನು ತಪ್ಪಿಲ್ಲದೆ ಬರೆದದ್ದಕ್ಕೆ.

ಹೆಸರೊಂದನ್ನೇ ನಿತಿನ ಬರೆದದ್ದು. ಉಳಿದದ್ದೆಲ್ಲ ಫೋನಿನೊಳಗಿನ ಎಐ ಬರೆದುಕೊಟ್ಟಿತ್ತು.

ಹಿಂದೆಯೇ ಅವಳ ಫೋನ್ ಬಂತು.

“ಭಾನುವಾರ ನಿಮ್ಮ ಮನಿಯವ್ರು ಲಗ್ನದ ತಾರೀಕು ಗೊತ್ತು ಮಾಡಾಕ ಬರಾಕತ್ತಾರ. ಅಷ್ಟ್ರಾಗ ನೀವಽ ವಿಚಾರ ಮಾಡಿ ಬರದ ಒಂದು ಪುಟ ನನಗ ಬೇಕು. ಇಲ್ಲಂದ್ರ ಅಪ್ಪಾಜಿಗೆ ಬ್ಯಾಡ ಅಂತ ಹೇಳಿಬಿಡ್ತೀನಿ.”

“ಎಷ್ಟು ಶಬ್ದ ಇರಬೇಕ್ರಿ?”

“ನೋಡ್ರಿ, ಮತ್ತ ಶುರು ಆತು!” ಎಂದು ಫೋನ್ ಇಟ್ಟಳು.

ನಿತಿನನಿಗೆ ಅವಳನ್ನು ಮದುವೆಯಾಗಲೇಬೇಕಿತ್ತು. ಅದರಲ್ಲಿ ಅವನಿಗೆ ಸಂಶಯ ಇರಲಿಲ್ಲ. ತೊಂದರೆ ಇದ್ದದ್ದು ಕೈಯಲ್ಲಿ. ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವನ ಕೆಲಸ ಒತ್ತಡ ಅಳೆಯುವ ಗೇಜುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಬರೆಯುವುದು. ಆರು ವರ್ಷಗಳಿಂದ ಅವನು ಚೌಕ ಹಾಕಿರದ ಕಾಗದದ ಮೇಲೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಗುರುವಾರ ಸಂಜೆ ಎಲ್ಲರೂ ಹೋದ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂತ. ಹಾಳೆ ಬೆಳ್ಳಗೇ ಉಳಿಯಿತು. ಕೊನೆಗೆ ಬೇಸತ್ತು ಮೇಜಿನ ಡ್ರಾಯರ್‌ನಿಂದ ಒಂದು ಖಾಲಿ ಪ್ರಮಾಣಪತ್ರದ ಫಾರ್ಮ್ ಎಳೆದುಕೊಂಡ. ಚೌಕ ಕಂಡದ್ದೇ ತಡ, ಕೈ ತಾನಾಗಿ ಓಡಿತು.

*ಉಪಕರಣ: ನಿತಿನ. ತಯಾರಾದ ಊರು: ಬೀದರ. ತಿಳಿದಿರುವ ದೋಷ: ಜನರ ಮುಂದೆ ಮುಳ್ಳು ಅಂಟಿಕೊಳ್ಳುತ್ತದೆ, ತಟ್ಟಿದರೂ ಅಲುಗುವುದಿಲ್ಲ.*

*ರೀಡಿಂಗ್ ಒಂದು: ನಿಮ್ಮ ಮನೆಯಲ್ಲಿ. ನೀವು ಅವಲಕ್ಕಿಯೊಳಗಿನ ಶೇಂಗಾಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ, ಕೊನೆಗೆ ಒಟ್ಟಿಗೆ ತಿಂದಿರಿ. ಪರಿಣಾಮ: ನಿಮ್ಮ ಸೋದರಮಾವ ನನ್ನನ್ನು ಏನು ಕೇಳಿದರೋ ಇಂದಿಗೂ ಗೊತ್ತಿಲ್ಲ.*

*ರೀಡಿಂಗ್ ಎರಡು: ಮೆಟ್ರೋ ಪಾರ್ಕಿಂಗ್. ಯಾರದೋ ಬೈಕಿನ ಸ್ಟ್ಯಾಂಡಿನಡಿ ಸಿಕ್ಕಿದ್ದ, ಯಾರೋ ಬೀಳಿಸಿಕೊಂಡಿದ್ದ ಮಲ್ಲಿಗೆ ಬಣ್ಣದ ದುಪಟ್ಟಾ ಬಿಡಿಸಿ, ಮಡಚಿ, ಅದೇ ಬೈಕಿನ ಸೀಟಿನ ಮೇಲಿಟ್ಟಿರಿ. ಪರಿಣಾಮ: ‘ಬಿಸಿಲು ಭಾಳ ಐತ್ರಿ’ ಎಂದು ಎರಡು ಸಲ ಅಂದೆ.*

*ರೀಡಿಂಗ್ ಮೂರು: ಫೋನಿನಲ್ಲಿ. ನಗು ಬಂದಾಗ ನೀವು ಫೋನನ್ನು ದೂರ ಹಿಡಿಯುತ್ತೀರಿ. ಪರಿಣಾಮ: ನಾನು ಕಿವಿಗೆ ಒತ್ತಿ ಹಿಡಿಯುತ್ತೇನೆ.*

ಫಾರ್ಮಿನಲ್ಲಿ ಐದು ಸಾಲುಗಳಿದ್ದವು. ಉಳಿದೆರಡನ್ನು ನಾಳೆ ಯೋಚಿಸಿದರಾಯಿತು ಎಂದು ಅದನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಶುಕ್ರವಾರ ಬೆಳಿಗ್ಗೆ ಅಟೆಂಡರ್ ಮೇಜಿನ ಮೇಲಿದ್ದ ಫಾರ್ಮುಗಳನ್ನೆಲ್ಲ ಬಾಚಿ ಲ್ಯಾಬಿನ ಮುಖ್ಯಸ್ಥ ಬಸವಲಿಂಗಪ್ಪನವರ ಸಹಿಗೆ ಒಯ್ದಿದ್ದ. ಬಸವಲಿಂಗಪ್ಪ ಕಲಬುರಗಿಯವರು. ಅರ್ಧವಿರಾಮವನ್ನೂ ಬಿಡದೆ ಓದಿಯೇ ಸಹಿ ಹಾಕುವವರು.

“ಏನಪಾ ನಿತಿನ, ನಮ್ಮ ಗೇಜು ಯಾವಾಗಿಂದ ಅವಲಕ್ಕಿ ತಿನ್ನಾಕತ್ಯಾವು?”

ನಿತಿನನ ಮುಳ್ಳು ಅಂಟಿಕೊಂಡಿತು. “ಸರ್, ಅದು... ಸ್ವಂತದ್ದು ಸರ್.”

“ಸ್ವಂತದ್ದು ಅಂತ ತಿಳೀತು. ಮೂರಽ ರೀಡಿಂಗ್ ಯಾಕದಾವು?”

“ಭೇಟಿ ಆಗಿದ್ದು ಎರಡಽ ಸಲ ಸರ್. ಇನ್ನೊಂದು ಫೋನಿಂದು.”

“ಮತ್ತ ಅಷ್ಟರ ಮ್ಯಾಲ ಲಗ್ನ ಆಗಾಕ ಹೊಂಟೀಯೇನು? ಐದು ರೀಡಿಂಗ್ ಇಲ್ದ ಈ ಲ್ಯಾಬಿನ್ಯಾಗಿಂದ ಒಂದು ಕಾಗದಾನೂ ಹೊರಗ ಬಿದ್ದಿಲ್ಲ.” ಅವರು ಹಸಿರು ಪೆನ್ನಿನಲ್ಲಿ ‘ರೀಡಿಂಗ್ ಸಾಲದು, ತಿರಸ್ಕರಿಸಲಾಗಿದೆ’ ಎಂದು ಬರೆದು, ಕೈಯ ರೂಢಿಗೆ ಠಸ್ಸೆಯನ್ನೂ ಒತ್ತಿಬಿಟ್ಟರು. “ಕುಂತಲ್ಲೇ ಹುಟ್ಟಿಸಿ ಬರದ್ಯೋ, ನನಗ ಗೊತ್ತಾಗ್ತತಿ. ಆಕಿಗೂ ಗೊತ್ತಾಗ್ತತಿ.”

ಹುಟ್ಟಿಸುವುದು ಸುಲಭವಿತ್ತು. ಧ್ವನಿಯ ಬಗ್ಗೆ ಒಂದು ಸಾಲು, ಜಡೆಯ ಬಗ್ಗೆ ಒಂದು ಸಾಲು. ರಾತ್ರಿ ಪೆನ್ನು ಹಿಡಿದೂ ನೋಡಿದ. ಆದರೆ ಆರು ವರ್ಷದಲ್ಲಿ ತೆಗೆಯದ ರೀಡಿಂಗ್ ಒಂದನ್ನೂ ಬರೆಯದ ಕೈ ಅದು. ಎರಡು ಚೌಕಗಳೂ ಖಾಲಿಯೇ ಉಳಿದವು. ಹಾಗೆಯೇ ಫಾರ್ಮ್ ಮಡಚಿಕೊಂಡು ಶನಿವಾರ ಸಂಜೆ ಮಿಯಾಪುರ ಮೆಟ್ರೋ ಸ್ಟೇಷನ್ನಿಗೆ ಹೋದ.

ಶ್ರೀವಿದ್ಯಾ ಮೆಟ್ಟಿಲ ಪಕ್ಕದಲ್ಲಿ ನಿಂತೇ ಓದಿದಳು. ಮುಖ ನೋಡಿದರೆ ಉತ್ತರಪತ್ರಿಕೆ ಓದಿದ ಹಾಗೇ ಇತ್ತು.

“ಈ ಹಸಿರು ಶಾಯಿ ಯಾರ್ದು?”

“ನಮ್ಮ ಸಾಹೇಬ್ರದ್ರಿ.”

“ನಿಮ್ಮ ಸಾಹೇಬ್ರು ನನಗ ಬರದ ಪತ್ರ ಓದಿದ್ರಾ?”

“ಓದಿ ರಿಜೆಕ್ಟ್ ಮಾಡ್ಯಾರ್ರಿ.”

“ಅಯ್ಯ ದೇವರಽ! ಮತ್ತ ಇವೆರಡು ಯಾಕ ತುಂಬಿಲ್ಲ?”

“ನೋಡಿಲ್ಲಲ್ರಿ. ನೋಡದ್ದು ಬರಿಯಾಕ ನನಗ ಬರೂದಿಲ್ಲ.”

ಅವಳು ಇನ್ನೊಮ್ಮೆ ಮೊದಲಿನಿಂದ ಓದಿದಳು. ಇಳಿದು ಬರುತ್ತಿದ್ದ ಜನ ಇಬ್ಬರಿಗೂ ಎರಡು ಸಲ ಢಿಕ್ಕಿ ಹೊಡೆದು ಹೋದರು. ಹತ್ತಕ್ಕೆ ಎಷ್ಟು ಎಂದು ಕೇಳಲೂ ನಿತಿನನಿಗೆ ಧೈರ್ಯ ಸಾಲಲಿಲ್ಲ. ಅವಳು ಫೋನ್ ತೆಗೆದಳು.

“ಹಲೋ ಅಪ್ಪಾಜಿ, ನಾಳೆ ಅವರು ಬರ್ಲಿ... ಹೂಂ, ಕೊಟ್ರು... ಇಲ್ಲ, ಭಾಳ ಚಂದ ಏನಿಲ್ಲ. ಖರೇ ಐತಿ.”

ಮಾತಾಡುತ್ತಲೇ ಅವಳು ಹೆಬ್ಬೆರಳಿಗೆ ಉಗುಳು ಹಚ್ಚಿ ಠಸ್ಸೆಯ ಅಂಚನ್ನು ಉಜ್ಜುತ್ತಿದ್ದಳು, ಅಸಲಿಯೋ ನಕಲಿಯೋ ಎಂದು. ನಿತಿನ ಜೇಬಿನಿಂದ ಪೆನ್ನು ತೆಗೆದ.

“ಈಗ ಏನ್ರೀ?” ಎಂದಳು ಶ್ರೀವಿದ್ಯಾ.

“ನಾಲ್ಕನೇದ್ದು. ಒಂದು ಮಿನಿಟ್ ಹಂಗಽ ನಿಂದರ್ರಿ, ಅಲುಗಬ್ಯಾಡ್ರಿ.”