ಗುಲಾಬಿ ಫೋಟೋದ ಖಾಲಾ

“ನಿಮ್ಮ ತಂಗಿ ಕೈಯಾಗ ಇರೋದು ಬಟನ್ ಫೋನು ಖತೀಜಕ್ಕ, ಅದ್ರಾಗ ಇನ್‌ಸ್ಟಾಗ್ರಾಂ ಹೆಂಗೆ ಬರ್ತೈತೆ?”

ಲತಾ ಕೈ ಮೇಲೆತ್ತಿಕೊಂಡು ನಿಂತಿದ್ದಳು. ನಾನು ಅವಳ ರವಿಕೆಗೆ ತೋಳಿನ ಅಳತೆ ತೆಗೆಯುತ್ತಿದ್ದೆ. ಟೇಪು ಹಾಗೇ ಅವಳ ತೋಳಿಗೆ ಸುತ್ತಿಕೊಂಡು ಉಳಿಯಿತು.

“ಯಾವ ಬಟನ್ ಫೋನು?”

“ಅಯ್ಯ, ಒತ್ತಿ ಒತ್ತಿ ಮಾತಾಡ್ತಾರಲ್ಲ, ಸಣ್ಣದು. ಮೊನ್ನೆ ಹರಿಹರಕ್ಕೆ ತವರಿಗೆ ಹೋಗಿದ್ದೆ. ನುಜತ್ ನಮ್ಮವ್ವನ ಮನಿ ಮುಂದೇ ನಿಂತು ಮಾತಾಡ್ತಿದ್ಲು. ದೊಡ್ಡ ಫೋನ್ ಬಕೆಟ್ಟಿಗೆ ಬಿದ್ದು ಹಾಳಾಗಿ ಆರು ತಿಂಗಳಾತಂತೆ. ನೀವು ನೋಡಿದ್ರೆ ದಿನಾ ಮೆಸೇಜ್ ಮಾಡ್ತಾಳೆ ಅಂತೀರಿ.”

“ಗಂಡನ ಫೋನಿಂದ ಮಾಡ್ತಿರಬೇಕು.”

“ಇರಬಹುದಪ್ಪ, ನಂಗೇನು ಗೊತ್ತು. ತೋಳು ಸ್ವಲ್ಪ ಸಡ್ಲ ಇಡ್ರಿ, ಹೋದ ಸಲ ಕೈ ಎತ್ತಾಕೇ ಆಗ್ಲಿಲ್ಲ.”

ಲತಾ ಹೋದಳು. ದಾವಣಗೆರೆಯ ಕೆ.ಬಿ. ಬಡಾವಣೆಯ ನನ್ನ ಆ ಸಣ್ಣ ಹೊಲಿಗೆ ಕೋಣೆಯಲ್ಲಿ ನಾನು ಮಷಿನ್ನಿನ ಮುಂದೆ ಕೂತೆ, ತುಳಿಯಲಿಲ್ಲ.

ನುಜತ್ ನನ್ನ ಒಬ್ಬಳೇ ತಂಗಿ. ಹರಿಹರಕ್ಕೆ ಕೊಟ್ಟಿದ್ದೇವೆ. ಎರಡು ವರ್ಷದ ಹಿಂದೆ ನಮ್ಮಣ್ಣನ ಮಗಳ ಮದುವೆ ಕಾರ್ಡಿನಲ್ಲಿ ನನ್ನ ಗಂಡ ಮಸ್ತಾನಸಾಬರ ಹೆಸರು ಬಂತು, ಅವಳ ಗಂಡ ಹಿದಾಯತ್‌ನ ಹೆಸರು ಬಿಟ್ಟುಹೋಯಿತು. ಪ್ರೆಸ್ಸಿಗೆ ಚೀಟಿ ಕೊಟ್ಟವಳು ನಾನೇ. ಬೇಕಂತಲೇ ಬಿಟ್ಟೆ ಅಂತ ಅವಳು ತಿಳಿದಳು. ಮದುವೆಗೂ ಬರಲಿಲ್ಲ, ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ.

ಮೂರು ವಾರದ ಹಿಂದೆ, ಇದ್ದಕ್ಕಿದ್ದ ಹಾಗೆ ನನ್ನ ಫೋನಿಗೆ ಅವಳ ಮೆಸೇಜು ಬಂತು. ಫೋನು ನನ್ನದು ಅಂತ ಹೆಸರಿಗೆ ಮಾತ್ರ. ಇನ್‌ಸ್ಟಾಗ್ರಾಂ ನೋಡಿಕೊಳ್ಳುವವಳು ನನ್ನ ಮಗಳು ಗುಲ್ನಾಜ್, ಎಂಟನೇ ಕ್ಲಾಸು. ನಾನು ಹೊಲಿದ ರವಿಕೆಗಳನ್ನು ಹಾಕುತ್ತಾಳೆ, ತಾನು ಬಿಡಿಸಿದ ಮೆಹಂದಿಯನ್ನೂ ಹಾಕುತ್ತಾಳೆ. “ಅಮ್ಮಿ, ನುಜತ್ ಹರಿಹರ ಅಂತ ಬಂದೈತೆ. ‘ಬೇಟಿ, ಮೆಹಂದಿ ಭಾಳ ಚೆನ್ನಾಗಿ ಹಾಕ್ತೀಯ, ಅಮ್ಮಿ ಹೆಂಗದಾಳೆ’ ಅಂತ ಕೇಳ್ಯಾರೆ,” ಎಂದಳು. ನಾನು ಕತ್ತರಿ ಕೆಳಗಿಟ್ಟು ಅವಳ ಪಕ್ಕ ಹೋಗಿ ಕೂತೆ.

ಹೆಸರಿನ ಪಕ್ಕ ಮುಖ ಇರಲಿಲ್ಲ, ಎರಡು ಗುಲಾಬಿ ಹೂವು ಇದ್ದವು. ಅದೇ ನನಗೆ ನಂಬಿಕೆ ತಂದದ್ದು. ನಮ್ಮ ಪೈಕಿ ಮರ್ಯಾದಸ್ಥ ಹೆಂಗಸರು ಅಂಥ ಕಡೆ ಮುಖದ ಫೋಟೋ ಎಲ್ಲಿ ಹಾಕುತ್ತಾರೆ? ಹೂವು ಹಾಕುತ್ತಾರೆ, ಇಲ್ಲ ದರ್ಗಾದ ಗುಮ್ಮಟ ಹಾಕುತ್ತಾರೆ. ಮುಖ ಹಾಕಿದ್ದರೇ ನಾನು ಅನುಮಾನ ಪಡುತ್ತಿದ್ದೆನೇನೋ. ಗುಲ್ನಾಜ್ ಮೊದಲ ದಿನವೇ “ನೀವು ಯಾರು?” ಅಂತ ಬರೆದಿದ್ದಳು. ಕಳಿಸುವ ಮೊದಲು ನಾನೇ ಅಳಿಸಲು ಹೇಳಿದೆ. ಖಾಲಾ, ಸ್ವಂತ ಚಿಕ್ಕಮ್ಮ, ತಾನಾಗಿ ಮಾತಾಡಲು ಬಂದಾಗ ಯಾರು ನೀನು ಅಂತ ಕೇಳುತ್ತಾರೇನೇ, ಅದಬು ಮರ್ಯಾದೆ ಕಲಿ, ಎಂದು ಬೈದೆ.

ಆಮೇಲೆ ದಿನಾ ಸಂಜೆ ಅವಳು ಓದುವುದು, ನಾನು ಕೇಳುವುದು. ನನಗೆ ಇಂಗ್ಲಿಷ್ ಅಕ್ಷರ ಅಷ್ಟು ಓಡುವುದಿಲ್ಲ. ಆದರೆ ಗುಲ್ನಾಜ್ ಓದುತ್ತಿದ್ದರೆ ನನಗೆ ಕೇಳಿಸುತ್ತಿದ್ದುದು ನುಜತ್‌ಳ ದನಿಯೇ. ಅತ್ತೆ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಫೋನ್ ಮಾಡಲ್ಲ ಎಂದಿದ್ದಳು. ನಾನು ಮಷಿನ್ ತುಳಿಯುತ್ತಲೇ ಉತ್ತರ ಹೇಳಿ ಬರೆಸುತ್ತಿದ್ದೆ. ನಿಮ್ಮ ಭಾವ ಬಾಗಿಲು ಕೂರಿಸೋ ಕೆಲಸಕ್ಕೆ ಕಡರನಾಯಕನಹಳ್ಳಿಗೆ ಹೋಗ್ಯಾರೆ, ವಾರಕ್ಕೊಮ್ಮೆ ಬರ್ತಾರೆ. ಗುಲ್ನಾಜ್ ಈಗ ದೊಡ್ಡವಳಾಗ್ಯಾಳೆ, ಸಾಲಿಗೆ ಒಬ್ಬಳೇ ನಡ್ಕಂಡು ಹೋಗ್ತಾಳೆ. ಹೀಗೆ. ತಂಗಿ ಕೇಳಿದರೆ ಅಕ್ಕ ಹೇಳಬಾರದೇ?

ಅವತ್ತು ಶನಿವಾರ. ಸಾಲಿ ಅರ್ಧ ದಿನ. ಗುಲ್ನಾಜ್ ಚೀಲ ಇಳಿಸುವ ಮೊದಲೇ ಕೇಳಿದೆ.

“ಖಾಲಾಂದು ಏನಾದ್ರೂ ನಂಗೆ ಓದದೇ ಬಿಟ್ಟೀಯೇನೇ?”

ಅವಳು ಚೀಲದ ಪಟ್ಟಿ ತಿರುವತೊಡಗಿದಳು.

“ಹೇಳು.”

“ನಾಳೆ ಹನ್ನೊಂದಕ್ಕೆ ಹರಿಹರ ಬಸ್ ಸ್ಟ್ಯಾಂಡಿಗೆ ಬಾ ಅಂದಾರೆ. ಒಬ್ಬಳೇ. ನಿಂಗೆ ಹೇಳಬ್ಯಾಡ ಅಂದಾರೆ.”

“ಯಾಕ?”

“ನಿಮ್ಮಿಬ್ಬರದ್ದೂ ರಾಜಿ ಮಾಡ್ಸಾಕೆ. ನಾನು ಖಾಲಾನ್ನ ಕರ್ಕಂಡು ಮನಿಗೆ ಬರಬೇಕು, ನೀನು ಬಾಗಿಲು ತೆಗೀಬೇಕು, ಹಂಗೆ.” ಅವಳ ಕಣ್ಣು ತುಂಬಿತು. “ನೀನು ಖುಷಿ ಆಗ್ತಿದ್ದಿ ಅಮ್ಮಿ.”

ಏನಂತ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ನುಜತ್ ಚಿಕ್ಕಂದಿನಿಂದಲೂ ಇಂಥ ನಾಟಕ ಆಡುವವಳೇ. ಹಾಗಾದರೆ ಅವಳೇ ಇರಬೇಕು. ಆದರೆ ಬಟನ್ ಫೋನು? ಅವಳೇ ಆಗಿದ್ದು, ನಾನು ಹೋಗಿ “ನೀನೇನಾ?” ಅಂತ ಕೇಳಿದರೆ, ಕೂಡುತ್ತಿದ್ದ ಸಂಬಂಧ ಮತ್ತೆ ಮುರಿಯುತ್ತದೆ. ಅವಳಲ್ಲದಿದ್ದರೆ? ಆ ಯೋಚನೆಯನ್ನು ನಾನು ಪೂರ್ತಿ ಮಾಡಲಿಲ್ಲ. ಬುರ್ಖಾ ಹಾಕಿಕೊಂಡೆ, ಮಗಳ ಕೈ ಹಿಡಿದೆ, ಹರಿಹರದ ಬಸ್ಸು ಹತ್ತಿದೆ.

ನುಜತ್ ಬಾಗಿಲು ತೆಗೆದು ನಮ್ಮನ್ನು ನೋಡಿದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

“ಯಾರು ಸತ್ರು?” ಎಂದಳು.

“ಯಾರೂ ಇಲ್ಲ. ನೀನು ಗುಲ್ನಾಜ್‌ಗೆ ಮೆಸೇಜ್ ಮಾಡ್ತೀಯಲ್ಲ...”

“ನಾನಾ?”

“ಗುಲಾಬಿ ಫೋಟೋ ಇಟ್ಕಂಡು.”

“ಆಪಾ, ಎರಡು ವರ್ಷ ಆದಮ್ಯಾಲೆ ಮನಿಗೆ ಬಂದು ಗುಲಾಬಿ, ಮಲ್ಲಿಗಿ ಅಂತೀಯಲ್ಲ. ಮೈಯಾಗ ಹುಷಾರೈತಾ?”

ಗುಲ್ನಾಜ್ ಫೋನು ಮುಂದೆ ಹಿಡಿದಳು. ನುಜತ್ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದುತ್ತಾ ಓದುತ್ತಾ ಹೊಸ್ತಿಲ ಮೇಲೇ ಕೂತಳು.

“ಇದು ನಾನಲ್ಲ. ಅಲ್ಲಾಹ್ ಕಸಮ್, ನಾನಲ್ಲ. ನನ್ನ ಹೆಸರು, ನಮ್ಮೂರು, ನಾನು ನೀನು ಮಾತು ಬಿಟ್ಟಿದ್ದು, ಇವೆಲ್ಲಾ ಈ ಹಾಳಾದವರಿಗೆ ಹೆಂಗೆ ಗೊತ್ತಾತು?”

ಒಳಗಿನಿಂದ ಹಿದಾಯತ್ ಬಂದ. ವೆಲ್ಡಿಂಗ್ ಕೆಲಸದವನು, ಹೆಚ್ಚು ಮಾತಿಲ್ಲ. ಫೋನು ತೆಗೆದುಕೊಂಡು ನಿಧಾನಕ್ಕೆ ಹಿಂದೆ ಹಿಂದೆ ಹೋದ. ಆ ಮೊದಲ ಮೆಸೇಜು ಬರುವ ಹಿಂದಿನ ದಿನ ಹಾಕಿದ ಮೆಹಂದಿ ವಿಡಿಯೋದ ಹತ್ತಿರ ನಿಲ್ಲಿಸಿ ಒತ್ತಿದ. ಗುಲ್ನಾಜ್‌ಳ ಕೈ, ಕೋನು, ಬಳ್ಳಿ, ಎಲೆ. ಹಿಂದಿನಿಂದ ಮಷಿನ್ನಿನ ಸದ್ದು. ಅದರ ಮೇಲೆ ಒಂದು ದನಿ:

“ಸರಿಯಾಗಿ ಎಳೀ. ಹರಿಹರದ ನುಜತ್ ಖಾಲಾ ನೋಡಿದ್ರೆ ಈ ಕೈಗೆ ಮುತ್ತು ಕೊಡೋಳು. ಏನ್ ಮಾಡೋದು, ಮಾತೇ ಬಿಟ್ಟಾಳೆ. ನಾನಂತೂ ದಿನಾ ನೆನಸ್ತೀನಿ ಅವಳ್ನ.”

ನನ್ನದೇ ದನಿ. ವಿಡಿಯೋದಲ್ಲಿ ಕೈ ಮಾತ್ರ ಕಾಣುತ್ತದೆ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ನಾನಾಡಿದ್ದೂ ಅದರೊಳಗೆ ಹೋಗುತ್ತದೆ ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ.

ನುಜತ್ ಇನ್ನೊಂದು ಸಲ ಹಾಕಿಸಿ ಕೇಳಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

“ಊರಿಗೆಲ್ಲಾ ಹೇಳೀಯ ಆಪಾ. ನಂಗೊಂದು ಮಾತು ಹೇಳಲಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿದಾಯತ್‌ನ ಕೈಯಲ್ಲೇ ಫೋನು ಗುಂಯ್ ಎಂದಿತು. ಅವನು ಓದಿದ: “ನಾಳೆ ಬರ್ತೀಯಲ್ಲ ಬೇಟಿ? ನಿನ್ನ ಖಾಲಾ ಕಾಯ್ತಿರ್ತೀನಿ.”

ಖಾಲಾ ನನ್ನ ಎದುರಿಗೇ ಕೂತಿದ್ದಳು, ಗಲ್ಲದ ಮೇಲೆ ಹಿಟ್ಟು. ಒಂದು ಕ್ಷಣ ಅವಳು ಯಾರು, ಆ ಗುಲಾಬಿ ಯಾರು ಅಂತ ನನಗೇ ಗೊಂದಲವಾಯಿತು. ಮೂರು ವಾರ ಪ್ರೀತಿಯಿಂದ ಮಾತಾಡಿದ್ದು ಅದು. ಕದ ತೆಗೆದು ‘ಯಾರು ಸತ್ರು’ ಅಂದದ್ದು ಇವಳು.

“ಕೊಡು ಇಲ್ಲಿ, ನಾನು ಮಾತಾಡ್ತೀನಿ ಅದರ ಜೊತಿ,” ನುಜತ್ ಎದ್ದಳು. “ನಿಜವಾದ ಖಾಲಾ ಹೆಂಗಿರ್ತಾಳೆ ಅಂತ ತೋರಸ್ತೀನಿ!”

“ಸುಮ್ನಿರು,” ಹಿದಾಯತ್ ಫೋನು ಎತ್ತಿ ಹಿಡಿದ. “ಬೈದ್ರೆ ಓಡಿಹೋಗ್ತಾನೆ.”

“ಎಲ್ಲಾ ಅಳಿಸಿಬಿಡಪ್ಪ,” ನಾನು ಅಂದೆ. “ಫೋನೇ ಬ್ಯಾಡ. ಇವತ್ತಿಂದ ಇವಳ ಕೈಗೆ ಕೊಡಲ್ಲ.”

“ಅಳಿಸಬ್ಯಾಡ್ರಿ ಆಪಾ. ಇದೇ ಸಾಕ್ಷಿ. ದಾವಣಗೆರೆ ಸೈಬರ್ ಠಾಣೆಗೆ ಇವತ್ತೇ ಕೊಡಾಣ. ನಾಳೆ ಬಸ್ ಸ್ಟ್ಯಾಂಡಿನಾಗ ಯಾರು ಕಾಯ್ತಾರೆ ಅಂತ ಅವರೇ ನೋಡ್ಕಂತಾರೆ.” ಅವನು ಗುಲ್ನಾಜ್ ಕಡೆ ತಿರುಗಿದ. “ಬೇಟಿ, ಮುಖದ ಫೋಟೋ ಏನಾದ್ರೂ ಕಳ್ಸೀಯೇನು? ಹೆದರಬ್ಯಾಡ. ಯಾರೂ ಬೈಯಲ್ಲ.”

“ಕೇಳಿದ್ರು. ಕಳಿಸ್ಲಿಲ್ಲ. ಭಾನುವಾರ ಹೆಂಗೂ ನೋಡ್ತೀರಲ್ಲ ಅಂದೆ.” ಆಮೇಲೆ ಅವಳು ನನ್ನನ್ನು ನೋಡಿದಳು. “ಅಮ್ಮಿ, ನಾನು ಯಾರು ನೀವು ಅಂತ ಕೇಳಿದ್ದೆ. ನೀನೇ ಅಳಿಸು ಅಂದಿ. ಮನಿ ವಿಷಯ ಎಲ್ಲಾ ನೀನೇ ಬರೆಸಿದಿ. ಈಗ ಫೋನ್ ಯಾಕ ನನ್ನಿಂದ ಕಸ್ಕಂತಿ?”

ಕಸಿದುಕೊಂಡರೆ, ಮುಂದಿನ ಸಲ ಅವಳು ನನಗೆ ಹೇಳುತ್ತಾಳೆಯೇ? ಕೊಟ್ಟರೆ, ಮುಂದಿನ ಗುಲಾಬಿಯನ್ನು ಗುರುತಿಸುವವರು ಯಾರು? ನಾನಂತೂ ಗುರುತಿಸಲಿಲ್ಲ.

“ತಪ್ಪು ನಂದೇ,” ಎಂದೆ. “ಇನ್ನು ಮ್ಯಾಲೆ ಯಾರು ನೀವು ಅಂತ ಕೇಳು. ನಾನೇ ಬ್ಯಾಡ ಅಂದ್ರೂ ಕೇಳು.”

ಹಿದಾಯತ್ ಬೈಕು ತೆಗೆದ, ಮುಂದೆ ಹೋಗಿ ಠಾಣೆಯ ಬಾಗಿಲಲ್ಲೇ ನಿಂತಿರುತ್ತೇನೆ ಎಂದ. ಮಸ್ತಾನಸಾಬರಿಗೂ ಅವನೇ ಫೋನ್ ಮಾಡಿ ಅಲ್ಲಿಗೇ ಬರಹೇಳಿದ. ನುಜತ್ ನಮಗೆ ನೀರು ಕೊಟ್ಟಳು, ಚಹಾ ಕೇಳಲಿಲ್ಲ. ಬೀದಿಯ ತಿರುವಿನ ತನಕ ಬಂದಳು.

“ಠಾಣೆಯಾಗ ಏನಂದ್ರು ಅಂತ ಫೋನ್ ಮಾಡು,” ಎಂದಳು. “ಎತ್ತತೀನಿ.”

ದಾವಣಗೆರೆ ಬಸ್ಸಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನಲ್ಲಿ ನಾನು ಎಲ್ಲರ ಮುಖ ನೋಡಿದೆ. ಶೇಂಗಾ ಬಿಡಿಸುತ್ತಿದ್ದವನು, ಕಿವಿಗೆ ವೈರು ಹಾಕಿಕೊಂಡು ತಲೆದೂಗುತ್ತಿದ್ದವನು, ಮಗುವಿಗೆ ಟೋಪಿ ಕಟ್ಟುತ್ತಿದ್ದವಳು. ಇಷ್ಟು ವರ್ಷ ಇದೇ ಜಾಗದಲ್ಲಿ ಯಾರ ಪಕ್ಕ ಬೇಕಾದರೂ ಕೂತು ಹರಟಿದ್ದೇನೆ. ಈಗ ಯಾರ ಪಕ್ಕ ನಿಲ್ಲಬೇಕೋ ತಿಳಿಯಲಿಲ್ಲ.

ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನ ಅಜ್ಜಿ ಪೂರಾ ಹಿಂದೆ ತಿರುಗಿ ಕೂತಳು. ಮಡಿಲಲ್ಲಿ ಪೇರಲ ಹಣ್ಣಿನ ಚೀಲ.

“ಅತ್ತಂಗ ಕಾಣ್ತೀಯಲ್ಲವ್ವ. ಹೆಸರೇನು ನಿಂದು?”

ಗುಲ್ನಾಜ್ ನನ್ನ ಮುಖ ನೋಡಿದಳು. ಅವಳು ಅಜ್ಜಿಯ ಕಡೆ ತಿರುಗಿದಳು.

“ನೀವು ಯಾರು, ಅಜ್ಜಿ?”

“ನಾನಾ? ನಾನು ಅಂಜಿನವ್ವ ಕಣವ್ವ. ಉಕ್ಕಡಗಾತ್ರಿ ಗುಡಿಗೆ ಹೋಗಿದ್ದೆ, ಮಗಳ ಮನಿಗೆ ಹೊಂಟೀನಿ. ಯಾವ ಸಾಲಿಗೆ ಹೋಗ್ತಿ ನೀನು?”

ಅಷ್ಟರಲ್ಲಿ ಡ್ರೈವರು ಬ್ರೇಕು ಹಾಕಿದ. ಅಜ್ಜಿಯ ಚೀಲ ಮಡಿಲಿಂದ ಜಾರಿ ಪೇರಲ ಹಣ್ಣೆಲ್ಲ ಸೀಟಿನಡಿ ಉರುಳಿದವು. ಗುಲ್ನಾಜ್ ಎದ್ದು, ಓಡ್ನಿಯ ಸೆರಗು ಹಿಡಿದುಕೊಂಡು, ಬಗ್ಗಿ ಒಂದೊಂದಾಗಿ ಆರಿಸತೊಡಗಿದಳು.