ಎಡಬದಿಯ ಕುಳಿ

ಮೇಲಿನ ಮನೆಯವರು ಕುರ್ಚಿ ಎಳೆದರು, ಅಂದರೆ ಬೆಳಗಾಯಿತು, ಅಂದರೆ ನಾನು ಏಳಬೇಕು, ಮುಖ ತೊಳೆದು ಕಿಟಕಿ ಪಕ್ಕದ ಮೂಲೆಯಲ್ಲಿ ಮೊಣಕಾಲೂರಬೇಕು — ಮೊದಲು ಮೌನ, ಆಮೇಲೆ ಒಂದು ಕೀರ್ತನೆ, ಆಮೇಲೆ ನನ್ನ ಪಾಪಗಳ ಅರಿಕೆ, ಆಮೇಲೆ ಬೇರೆಯವರಿಗಾಗಿ ಬೇಡಿಕೆ, ಕೊನೆಗೆ ಸ್ತೋತ್ರ, ಪಾಸ್ಟರಮ್ಮ ಬೆರಳು ಮಡಚಿ ಮಡಚಿ ಹೇಳಿಕೊಟ್ಟ ಕ್ರಮ, ಜಾಗ ಬದಲಿಸಬೇಡ, ಹೊತ್ತು ಬದಲಿಸಬೇಡ, ಮನಸ್ಸು ಬರದಿದ್ದರೂ ಮೈ ಬರಲಿ, ಮೈ ಬಂದ್ರೆ ಮನಸ್ಸು ಹಿಂದೇನೇ ಬರುತ್ತೆ ಕಣಮ್ಮ. ಬಂತು, ಆಗ ಬಂತು, ಇವರ ರಿಪೋರ್ಟ್ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟ ವಾರವೇ ನಾನು ಶುರು ಮಾಡಿದ್ದು, ಬೇರೆಯವರಿಗಾಗಿ ಅಂದರೆ ಇವರೊಬ್ಬರಿಗಾಗಿ, ಇವರೋ ಹಾಸಿಗೆಯಲ್ಲೇ ನಗುತ್ತಿದ್ದರು, ಏನೇ, ದೇವರಿಗೂ ಟೈಮ್‌ಟೇಬಲ್ ಹಾಕ್ಬಿಟ್ಟೆಯಾ, ಭಾನುವಾರನಾದ್ರೂ ರಜೆ ಕೊಡೇ ಪಾಪ. ಜೀವನವಿಡೀ ವ್ಯಾನ್ ಓಡಿಸಿದ ಮನುಷ್ಯ, ಚರ್ಚಿನಲ್ಲಿ ಪ್ರಸಂಗ ಶುರುವಾದರೆ ಸಾಕು ತೂಕಡಿಸುತ್ತಿದ್ದವರು, ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು ನನ್ನ ಎಡಗಡೆ ಮೊಣಕಾಲೂರಿದರು, ನನ್ನ ಕೀರ್ತನೆ ಅಲ್ಲೇ ನಿಂತುಹೋಯಿತು, ಮೂಳೆ ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

ಊರವರ ಸೋಫಾಗಳಿಗೆಲ್ಲ ಮೆತ್ತೆ ಹೊಲಿದವಳು ನಾನು, ಗಂಡನನ್ನು ಬರೀ ನೆಲದ ಮೇಲೆ ಬಿಡುತ್ತೇನೆಯೇ, ಅವತ್ತೇ ಇಬ್ಬರಿಗೂ ಸಾಲುವಷ್ಟು ಉದ್ದದ ದಿಂಬು ಹೊಲಿದೆ, ಅಂಗಡಿಯ ಚೂರುಪಾರು ತುಂಬಲಿಲ್ಲ, ಇರುವುದರಲ್ಲಿ ಗಟ್ಟಿ ಫೋಮು, ಮೊಣಕಾಲಿಗೆ ಇಷ್ಟು ಒಳ್ಳೇದು ಯಾಕಕ್ಕ ಅಂದ ಅಂಗಡಿಯವನು, ನಾನು ಜಂಬದಿಂದಲೇ ಇವರಿಗೆ ಹೇಳಿದ್ದೆ, ರೀ, ಅಗ್ಗದ್ದಾದ್ರೆ ಕುಳಿ ಬಿದ್ದದ್ದು ಬಿದ್ದ ಹಾಗೇ ಇರುತ್ತೆ, ಇದು ಎಷ್ಟು ಒತ್ತಿದ್ರೂ ಮತ್ತೆ ಮೇಲೆ ಬರುತ್ತೆ. ಅದರಲ್ಲೂ ಕುಳಿ ಬಿತ್ತು, ಆಮೆನ್ ಅಂದ ಮೇಲೂ ಏಳುತ್ತಿರಲಿಲ್ಲವಲ್ಲ ಇವರು, ನಾನು ಕಾಫಿ ಕಾಸಿ ತಂದರೂ ಹಾಗೇ ಇರುತ್ತಿದ್ದರು, ಏನು ಕೇಳಿಕೊಳ್ತಿದ್ರಿ ಅಂದರೆ, ಅದು ನಮ್ಮಿಬ್ಬರ ವಿಷಯ, ನಿನಗ್ಯಾಕೆ, ಅನ್ನುತ್ತಿದ್ದರು — ನನಗಿಂತ ಹಿಂದೆ ಹೊರಟವರು ನನಗಿಂತ ಮುಂದೆ ಹೋಗಿಬಿಟ್ಟರು, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಈಗಲೂ ಆಗುತ್ತದೆ.

ಸರಿ, ಮೊಣಕಾಲೂರಿದ್ದೇನೆ, ಮೌನ, ಕೀರ್ತನೆ ಓದಿದೆ, ಅರಿಕೆ ಮಾಡಿದೆ, ಹೊಟ್ಟೆಕಿಚ್ಚನ್ನೂ ಹೇಳಿದೆ, ಆಮೇಲೆ ಬಾಯಿ ತಾನಾಗಿಯೇ, ಕರ್ತನೇ, ಇವತ್ತು ಇವರ ನೋವು ಕಡಿಮೆ ಮಾಡು, ಎರಡು ತುತ್ತು ಗಂಟಲಲ್ಲಿ ಇಳಿಯಲಿ, ಇವರನ್ನು ಎಬ್ಬಿಸು, ಅಂದುಬಿಟ್ಟು, ಇವರ ಆಮೆನ್‌ಗಾಗಿ ಕಾದೆ. ಕಾದೆ. ಮೇಲಿನ ಮನೆಯ ಕುರ್ಚಿ ಮತ್ತೆ ಸದ್ದು ಮಾಡಿತು. ಇವರ ಪೆಟ್ಟಿಗೆಯ ಮೇಲೆ ಮಣ್ಣು ಹಾಕಿ ಬಂದವಳು ನಾನೇ, ಬೆರಳ ಸಂದಿಯಿಂದ ಆ ಮಣ್ಣು ತೊಳೆದವಳೂ ನಾನೇ, ಆದರೂ ಬಾಯಿ ತನ್ನ ಪಾಡಿಗೆ ಕೇಳಿತು, ಆಗ ಹೇಗೆ ಕೇಳುತ್ತಿತ್ತೋ ಹಾಗೇ ಕೇಳಿತು, ಅದೇ ದನಿ, ಅದೇ ಗದ್ಗದ — ಹಾಗಾದರೆ ಅಷ್ಟು ತಿಂಗಳು ಕೇಳಿದ್ದೂ ಬರೀ ಬಾಯಿಯೇ ಏನು, ಯಾರಿಗೂ ಮುಟ್ಟಲಿಲ್ಲವೇನು, ಭಯವಾಗುತ್ತಿದೆ ನನಗೆ, ಮೈ ಬಂದಿದೆ ಪಾಸ್ಟರಮ್ಮ, ಮೈ ಮಾತ್ರ ಬಂದಿದೆ. ಮಗಳು ಫೋನಿನಲ್ಲಿ ಅಂದಳು, ಅಮ್ಮಾ, ಸ್ವಲ್ಪ ದಿನ ಬಿಟ್ಬಿಡು, ದೇವರೇನು ಬೇಜಾರು ಮಾಡ್ಕೊಳಲ್ಲ. ಅದೇ ನನ್ನ ಹೆದರಿಕೆ, ಬೇಜಾರು ಮಾಡಿಕೊಳ್ಳುವುದಿಲ್ಲ ಅನ್ನುವುದೇ, ನಾನು ಬಂದರೂ ಬರದಿದ್ದರೂ ಈ ಮೂಲೆ ಹೀಗೇ ಇರುತ್ತದೆ. ಬೇಡಿಕೆ ಬಿಟ್ಟು ನೇರ ಸ್ತೋತ್ರಕ್ಕೆ ಹೋಗೋಣವೆಂದರೆ, ಯಾತಕ್ಕೆ ಸ್ತೋತ್ರ, ಒಂದೂ ತೋಚುವುದಿಲ್ಲ, ದಿಂಬು ನೋಡುತ್ತೇನೆ, ಎಡಗಡೆ ಇವರ ಮೊಣಕಾಲಿನ ಕುಳಿ, ಕೈಯಿಡುತ್ತೇನೆ, ನಿನ್ನೆ ಬೆರಳಿನ ಗೆಣ್ಣು ಮುಳುಗುತ್ತಿತ್ತು, ಇವತ್ತು ಮುಳುಗುತ್ತಿಲ್ಲ, ಮುಷ್ಟಿಯಿಂದ ಒತ್ತುತ್ತೇನೆ, ಮೈಭಾರವೆಲ್ಲ ಹಾಕಿ ಒತ್ತುತ್ತೇನೆ, ಇರು, ಇಷ್ಟಾದರೂ ಇರು, ಕೈ ತೆಗೆಯುತ್ತೇನೆ, ನಾನೇ ಹೇಳಿದ್ದ ಹಾಗೆ, ನಿಧಾನವಾಗಿ, ಎಡಗಡೆ, ಮೇಲೆ ಬರುತ್ತಿದೆ, ಮೇಲೆ ಬರುತ್ತಿದೆ